ಗ್ಯಾಸ್ಟ್ರಿಕ್ ಅಂದುಕೊಂಡಿದ್ದು ಕಲ್ಲಾಗಿತ್ತು



ಈ ಲೇಖನದಲ್ಲಿ ‘ನಾವು’ ಅಂದ್ರೆ ಅಕ್ಕ-ತಮ್ಮ ಇಬ್ಬರು. ಅಕ್ಕ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ತಮ್ಮ ನಿಮ್ಮ ಜೊತೆ ಇದೇ ಕ್ಯಾಂಪಸ್ಸಿನಲ್ಲಿ ಎರಡನೇ ವರ್ಷ ಓದ್ತಿದ್ದಾನೆ. ಅಪ್ಪ-ಅಮ್ಮ ಇರೋದು ಅರಸೀಕೆರೆಯಲ್ಲಿ. ಬರೆದಿದ್ದು ತಮ್ಮ, ತಪ್ಪು ತಿದ್ದಿದ್ದು ಅಕ್ಕ. ಇಬ್ಬರೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು, ಆದ್ದರಿಂದ ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ವಿಷಯವೂ ಹೊಟ್ಟೆಯದ್ದೇ.

ಹೋದ ನವೆಂಬರಿನಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಒಬ್ಬಟ್ಟಿನ ಊಟ. ಅವತ್ತು ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯ್ತು. ಕೂತರೂ ಆಗ್ತಿಲ್ಲ, ಮಲಗಿದರೂ ಆಗ್ತಿಲ್ಲ. ಜೀರಿಗೆ ಕಷಾಯ ಕುಡಿದಳು, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡಳು. ಎರಡು ಗಂಟೆ ಬಿಟ್ಟು ತಾನಾಗೇ ನಿಂತುಹೋಯ್ತು. ಬೆಳಗ್ಗೆ ಫೋನಿನಲ್ಲಿ ಕೇಳಿದ್ರೆ, “ಏನಿಲ್ಲ ಕಣ್ರೋ, ಗ್ಯಾಸ್ಟ್ರಿಕ್” ಅಂದಳು. ನಾವೂ ನಂಬಿದ್ವಿ. ಅಂಗಡಿ ಮಾತ್ರೆ ನುಂಗಿಕೊಂಡು ಇನ್ನೆರಡು ಸಲ ಅದೇ ನೋವು ಅನುಭವಿಸಿದ ಮೇಲೆ, ಡಿಸೆಂಬರಿನಲ್ಲಿ ಅಪ್ಪ ಒತ್ತಾಯ ಮಾಡಿ ಸ್ಕ್ಯಾನಿಂಗ್ ಮಾಡಿಸಿದ್ರು. ಪಿತ್ತಕೋಶದಲ್ಲಿ ಹಲವು ಕಲ್ಲು, ದೊಡ್ಡದು 12 ಮಿ.ಮೀ. ಸರ್ಜನ್ ನೋಡಿ, “ಪಿತ್ತಕೋಶ ತೆಗೆಸೋದು ಒಳ್ಳೇದು, ತುಂಬಾ ದಿನ ಮುಂದೂಡಬೇಡಿ” ಅಂದ್ರು.

ಅಮ್ಮ ಮುಂದೂಡಿದಳು. “ಮಗಂದು ಎಕ್ಸಾಮ್ ಮುಗೀಲಿ.” ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬೇಡ ಅನ್ನಬೇಕಾಗಿದ್ದ ನಾವಿಬ್ಬರೂ “ಸರಿ” ಅಂದ್ವಿ.

ನಿಜವಾಗಿ ಅಮ್ಮ ಹಿಂದೇಟು ಹಾಕ್ತಿದ್ದದ್ದು ಎಕ್ಸಾಮಿಗಲ್ಲ, ಭಯಕ್ಕೆ ಅಂತ ಆಮೇಲೆ ಗೊತ್ತಾಯ್ತು. ಒಂದು ದಿನ ಕೇಳಿದಳು: “ಅದೇನೋ ಬ್ಲ್ಯಾಡರ್ ಅಂತಾರಲ್ಲ, ಅದನ್ನ ಕಿತ್ತಾಕಿದ್ರೆ ನಾನು ಉಚ್ಚೆ ಹೊಯ್ಯೋದು ಹೆಂಗ್ರೋ?” ಅಲ್ಲಿವರೆಗೂ ಅವಳು ಮೂತ್ರಕೋಶವನ್ನೇ ತೆಗೀತಾರೆ ಅಂದುಕೊಂಡಿದ್ದಳು! ಅದಲ್ಲಮ್ಮ ಅಂತ ವಿವರಿಸೋಕೆ ಹೋದ್ರೆ ನಮ್ಮ ಬಾಯಲ್ಲಿ ಬರೋದೆಲ್ಲ ಇಂಗ್ಲಿಷ್ ಪದಗಳೇ. ಹನ್ನೆರಡು ವರ್ಷ ಬಯಾಲಜಿ ಓದಿದ ಮೇಲೂ ನಮ್ಮಮ್ಮನ ಹೊಟ್ಟೆಯೊಳಗಿನ ಒಂದು ಚೀಲದ ಬಗ್ಗೆ ನಮ್ಮಮ್ಮನಿಗೇ ಅರ್ಥವಾಗೋ ಹಾಗೆ ಹೇಳಕ್ಕೆ ಬರಲಿಲ್ಲ. ಆವತ್ತು ಕೊಡಕ್ಕಾಗದ ಉತ್ತರ ಈ ಲೇಖನ.

ಬೋರ್‌ವೆಲ್, ಟ್ಯಾಂಕ್, ನಲ್ಲಿ

ನಿಮ್ಮ ಮನೆಯ ನೀರಿನ ವ್ಯವಸ್ಥೆ ನೆನಪು ಮಾಡ್ಕೊಳ್ಳಿ. ಬೋರ್‌ವೆಲ್ ನೀರು ಕೊಡುತ್ತೆ, ಮೇಲಿನ ಟ್ಯಾಂಕ್ ಅದನ್ನು ಕೂಡಿಟ್ಟುಕೊಳ್ಳುತ್ತೆ, ಬೇಕಾದಾಗ ನಲ್ಲಿಯಲ್ಲಿ ಬಿಡುತ್ತೆ. ನಮ್ಮ ಹೊಟ್ಟೆಯಲ್ಲಿ ಬೋರ್‌ವೆಲ್ ಅಂದ್ರೆ ಯಕೃತ್ತು, ಅಂದರೆ ಲಿವರ್. ಅದು ದಿನಕ್ಕೆ ಸುಮಾರು 500ರಿಂದ 1000 ಮಿ.ಲೀ. ಪಿತ್ತರಸ ತಯಾರು ಮಾಡುತ್ತೆ. ಎಣ್ಣೆ-ತುಪ್ಪದ ಜಿಡ್ಡನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ಜೀರ್ಣಕ್ಕೆ ಸಿದ್ಧ ಮಾಡೋದು ಈ ರಸದ ಕೆಲಸ. ಪಾತ್ರೆ ಸೋಪು ಜಿಡ್ಡಿನ ಬಾಣಲೆಗೆ ಏನು ಮಾಡುತ್ತೋ ಹೆಚ್ಚುಕಮ್ಮಿ ಅದೇ.

ಪಿತ್ತಕೋಶ ಅನ್ನೋದು ಟ್ಯಾಂಕ್. ಯಕೃತ್ತಿನ ಕೆಳಗೆ ಅಂಟಿಕೊಂಡಿರೋ, ಪೇರಳೆ ಹಣ್ಣಿನ ಆಕಾರದ, 7ರಿಂದ 10 ಸೆಂ.ಮೀ. ಉದ್ದದ ಪುಟ್ಟ ಚೀಲ. ಅದರಲ್ಲಿ ಹಿಡಿಸೋದು 30ರಿಂದ 50 ಮಿ.ಲೀ. ಮಾತ್ರ, ಅಂದರೆ ಹೋಟೆಲಿನ ಅರ್ಧ ಲೋಟ ಕಾಫಿಯಷ್ಟು. ಜಾಗ ಕಡಿಮೆ ಅಂತ ಅದು ರಸದಲ್ಲಿನ ನೀರನ್ನು ಹೀರಿ 5ರಿಂದ 10 ಪಟ್ಟು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದ ತಕ್ಷಣ ಅಲ್ಲಿಂದ ಒಂದು ಹಾರ್ಮೋನ್ ಸಿಗ್ನಲ್ ಹೋಗಿ, ಪಿತ್ತಕೋಶ ಮುದುಡಿಕೊಂಡು ರಸವನ್ನು ಕೊಳವೆಗೆ ಹಿಂಡುತ್ತೆ.

ಒಂದು ಮಾತು ನೆನಪಿಡಿ. ಪಿತ್ತರಸ ತಯಾರಾಗೋದು ಟ್ಯಾಂಕಿನಲ್ಲಲ್ಲ, ಬೋರ್‌ವೆಲ್‌ನಲ್ಲಿ. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಕಲ್ಲು ಹುಟ್ಟೋದು ಹೇಗೆ?

ಪಿತ್ತರಸದಲ್ಲಿ ಕೊಲೆಸ್ಟರಾಲ್ ಕರಗಿರುತ್ತೆ. ಅದನ್ನು ಕರಗಿಸಿ ಹಿಡಿದಿಡೋದು ಪಿತ್ತ ಲವಣಗಳು. ಕೊಲೆಸ್ಟರಾಲ್ ಹೆಚ್ಚಾದ್ರೆ, ಅಥವಾ ರಸ ಚೀಲದಲ್ಲಿ ಅಲ್ಲಾಡದೆ ನಿಂತೇ ಇದ್ರೆ, ಹೆಚ್ಚಿನದ್ದು ಹರಳುಗಟ್ಟುತ್ತೆ. ಸಕ್ಕರೆ ಪಾಕ ಅತಿಯಾಗಿ ಗಟ್ಟಿಯಾದಾಗ ತಳದಲ್ಲಿ ಹರಳು ಕಟ್ಟುತ್ತಲ್ಲ, ಹಾಗೆ. ಹರಳಿಗೆ ಹರಳು ಸೇರಿ ಕಲ್ಲಾಗುತ್ತೆ. ಇನ್ನೊಂದು ಬಗೆಯ ಕಲ್ಲು ರಕ್ತಕಣ ಒಡೆದಾಗ ಬರೋ ಬಣ್ಣದ ಪದಾರ್ಥದಿಂದ ಆಗೋದು. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆ ಇರೋರಲ್ಲಿ ಇದು ಹೆಚ್ಚು.

ಗಂಡಸರಿಗಿಂತ ಹೆಂಗಸರಲ್ಲಿ, ನಲವತ್ತು ದಾಟಿದವರಲ್ಲಿ, ತೂಕ ಹೆಚ್ಚಿರೋರಲ್ಲಿ, ಸಕ್ಕರೆ ಕಾಯಿಲೆ ಇರೋರಲ್ಲಿ, ಗರ್ಭಿಣಿಯರಲ್ಲಿ, ಮನೆಯಲ್ಲಿ ಇನ್ಯಾರಿಗಾದರೂ ಕಲ್ಲು ಬಂದಿದ್ದವರಲ್ಲಿ ಈ ಸಮಸ್ಯೆ ಜಾಸ್ತಿ. ಹಾಗಂತ ನಮ್ಮ ವಯಸ್ಸಿನವರು ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಒಂದೆರಡು ತಿಂಗಳಲ್ಲಿ ಹದಿನೈದು ಕೆ.ಜಿ. ಇಳಿಸ್ತೀನಿ ಅಂತ ಊಟ ಬಿಡೋರಿಗೂ ಕಲ್ಲಾಗಬಹುದು. ಕೊಬ್ಬು ಬೇಗ ಕರಗಿದಾಗ ಯಕೃತ್ತು ಹೆಚ್ಚು ಕೊಲೆಸ್ಟರಾಲನ್ನು ಪಿತ್ತರಸಕ್ಕೆ ತಳ್ಳುತ್ತೆ, ಊಟವೇ ಇಲ್ಲದ್ದರಿಂದ ಚೀಲ ಖಾಲಿಯಾಗೋದೂ ಇಲ್ಲ. ತೂಕ ಇಳಿಸಿ, ಆದರೆ ನಿಧಾನವಾಗಿ.

ಗ್ಯಾಸ್ಟ್ರಿಕ್ಕೋ, ಕಲ್ಲೋ?

ನಮ್ಮೂರುಗಳಲ್ಲಿ ಹೊಟ್ಟೆಯ ಮೇಲ್ಭಾಗದ ಎಲ್ಲ ನೋವಿಗೂ ಇರೋದು ಒಂದೇ ಹೆಸರು, ಗ್ಯಾಸ್ಟ್ರಿಕ್. ಆದರೆ ಕಲ್ಲಿನ ನೋವಿಗೆ ಅದರದ್ದೇ ಲಕ್ಷಣ ಇದೆ. ಜಿಡ್ಡಿನ ಊಟವಾದ ಮೇಲೆ ಅಥವಾ ರಾತ್ರಿ ಹೊತ್ತು ಬರುತ್ತೆ. ಪಕ್ಕೆಲುಬಿನ ಕೆಳಗೆ ಬಲಗಡೆ ಅಥವಾ ನಡುವೆ ಹಿಡಿದುಕೊಳ್ಳುತ್ತೆ, ಬೆನ್ನಿಗೋ ಬಲ ಹೆಗಲಿನ ಹಿಂದಕ್ಕೋ ಹರಡುತ್ತೆ. ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು, ಕಲ್ಲು ಚೀಲದ ಬಾಯಿಂದ ಹಿಂದೆ ಸರಿದಾಗ ನಿಲ್ಲುತ್ತೆ. ನಿಂತ ಮೇಲೆ ಏನೂ ಆಗೇ ಇಲ್ಲವೇನೋ ಅನ್ನಿಸುತ್ತೆ. ಮೋಸ ಹೋಗೋದು ಅಲ್ಲೇ. ಹೃದಯದ ತೊಂದರೆಯೂ ಕೆಲವು ಸಲ ಇದೇ ಜಾಗದ ನೋವಾಗಿ ಕಾಣಿಸಿಕೊಳ್ಳೋದ್ರಿಂದ ದೊಡ್ಡವರಿಗೆ ಹೀಗಾದ್ರೆ ಇ.ಸಿ.ಜಿ. ಕೂಡ ಮಾಡಿಸೋದು ವಾಸಿ.

ಪತ್ತೆ ಮಾಡೋದು ಸುಲಭ. ಖಾಲಿ ಹೊಟ್ಟೆಯಲ್ಲಿ ಒಂದು ಅಲ್ಟ್ರಾಸೌಂಡ್ ಸಾಕು. ಖಾಲಿ ಹೊಟ್ಟೆ ಯಾಕೆ ಅಂದ್ರೆ, ಊಟ ಮಾಡಿದ್ರೆ ಚೀಲ ಮುದುಡಿಕೊಂಡು ಕಲ್ಲು ಸರಿಯಾಗಿ ಕಾಣಲ್ಲ.

ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಾಗಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ಒಂದು ದಿನವೂ ನೋವಿಲ್ಲದವರು ಎಷ್ಟೋ ಜನ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ 1ರಿಂದ 4 ಜನರಿಗಷ್ಟೇ ನೋವು ಶುರುವಾಗೋದು. ಅದಕ್ಕೆ ಸಾಮಾನ್ಯವಾಗಿ ಸುಮ್ಮನೆ ಗಮನಿಸ್ತಾ ಇರಿ ಅಂತಾರೆ. ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಿದ್ರೆ, ಚೀಲದ ಗೋಡೆ ಸುಣ್ಣಗಟ್ಟಿದ್ರೆ, ಅಥವಾ ಒಳಗೆ ದೊಡ್ಡ ಗಂಟಿದ್ರೆ ಮಾತು ಬೇರೆ. ನೋವು ಒಮ್ಮೆ ಶುರುವಾದವರಿಗೆ ಮಾತ್ರ ಅದು ಮತ್ತೆ ಬರೋ ಸಾಧ್ಯತೆ ಹೆಚ್ಚು. ಅಮ್ಮ ಈ ಎರಡನೇ ಗುಂಪಿನವಳು.

ಕರಗಿಸೋಕಾಗಲ್ವಾ? ಪುಡಿ ಮಾಡೋಕಾಗಲ್ವಾ?

ಸುದ್ದಿ ಹರಡಿದ ಮೇಲೆ ಮನೆಗೆ ಬಂದವರೆಲ್ಲ ಡಾಕ್ಟರೇ. ದೊಡ್ಡಮ್ಮ ಬಾಳೆದಿಂಡಿನ ಪಲ್ಯ ಮಾಡಿಕೊಂಡು ಬಂದ್ರು, ಪಕ್ಕದ ಮನೆಯವರು ಹುರುಳಿಕಟ್ಟು ಕುಡಿಸಿ ಅಂದ್ರು. ಪಲ್ಯ ರುಚಿಯಾಗಿತ್ತು. ಆದರೆ ಇವೆಲ್ಲ ಕಿಡ್ನಿ ಕಲ್ಲಿಗೆ ಹೇಳೋ ಮನೆಮದ್ದುಗಳು. ಮೂತ್ರಪಿಂಡದ ಕೊಳವೆಗೂ ಪಿತ್ತಕೋಶದ ಕೊಳವೆಗೂ ಸಂಪರ್ಕವೇ ಇಲ್ಲ. ಎರಡು ಬೇರೆ ಬೇರೆ ಪ್ಲಂಬಿಂಗ್.

ವಾಟ್ಸಾಪಿನಲ್ಲಿ ಇನ್ನೊಂದು ಬಂತು. ಆಲಿವ್ ಎಣ್ಣೆ, ನಿಂಬೆರಸ ಕುಡಿದ್ರೆ ಬೆಳಗ್ಗೆ ಕಲ್ಲು ಹಸಿರು ಉಂಡೆಯಾಗಿ ಹೊರಗೆ ಬರುತ್ತಂತೆ. ಉಂಡೆ ಬರೋದು ನಿಜ. ಆದರೆ ಅದು ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನ ಉಂಡೆಯಾಗಿರೋದು. ಮೊದಲ ವರ್ಷದ ಕೆಮಿಸ್ಟ್ರಿ! ಮಾರನೇ ದಿನ ಸ್ಕ್ಯಾನ್ ಮಾಡಿಸಿದ್ರೆ ಕಲ್ಲು ಇದ್ದಲ್ಲೇ ಇರುತ್ತೆ.

ಮಾತ್ರೆ ಇಲ್ಲವೇ ಇಲ್ಲ ಅಂತಲ್ಲ, ಇದೆ. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅಂತ ಹೆಸರು. ಅದು ಕರಗಿಸೋದು ಸುಣ್ಣ ಕಟ್ಟದ, ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಮಾತ್ರ. ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಕರಗಿದ ಮೇಲೂ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಕಲ್ಲಾಗುತ್ತೆ. ಆಪರೇಷನ್ ತಡೆದುಕೊಳ್ಳೋ ಶಕ್ತಿ ಇಲ್ಲದವರಿಗೆ ಇದು ಉಪಯೋಗಕ್ಕೆ ಬರುತ್ತೆ.

ಎಂಜಿನಿಯರಿಂಗ್ ಹುಡುಗರಿಗೆ ಇಷ್ಟವಾಗೋದು ಮೂರನೇ ದಾರಿ, ಆಘಾತ ತರಂಗ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಚರ್ಮ ಕುಯ್ಯದೆ, ಹೊರಗಿನಿಂದಲೇ ತರಂಗ ಕೊಟ್ಟು ಕಿಡ್ನಿ ಕಲ್ಲು ಪುಡಿ ಮಾಡಿದ್ರು. ಆ ಯಂತ್ರ ಮಾಡಿದ್ದು ಡಾರ್ನಿಯರ್ ಅನ್ನೋ ವಿಮಾನ ತಯಾರಿಸೋ ಕಂಪನಿ! ಐದು ವರ್ಷ ಬಿಟ್ಟು ಅದೇ ಊರಿನಲ್ಲಿ ಪಿತ್ತಕೋಶದ ಕಲ್ಲಿಗೂ ಪ್ರಯೋಗಿಸಿದ್ರು. ಕಲ್ಲು ಒಡೆಯಿತು. ಆದರೆ ಕಿಡ್ನಿಯ ಚೂರುಗಳು ಮೂತ್ರದ ಜೊತೆ ಕೊಚ್ಚಿಹೋಗ್ತವೆ, ಪಿತ್ತಕೋಶದ ಚೂರುಗಳು ಅಲ್ಲೇ ಉಳೀತವೆ, ಇಲ್ಲವೇ ಸಣ್ಣ ಕೊಳವೆಗೆ ಹೋಗಿ ಸಿಕ್ಕಿಕೊಳ್ತವೆ. ಜೊತೆಗೆ ಕಲ್ಲು ಮಾಡೋ ಚೀಲ ಇನ್ನೂ ಅಲ್ಲೇ ಇರುತ್ತೆ. ಹಾಗಾಗಿ ಈ ದಾರಿಯನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದಾರೆ.

ಕಲ್ಲು ಮಾತ್ರ ತೆಗೆದು ಚೀಲ ಉಳಿಸಿದ್ರೆ ಮತ್ತೆ ಕಲ್ಲಾಗುತ್ತೆ, ಆದ್ದರಿಂದ ಚೀಲವನ್ನೇ ತೆಗೀಬೇಕು ಅಂತ ಮೊದಲು ಹೊರಟವರು ಬರ್ಲಿನ್ನಿನ ಸರ್ಜನ್ ಕಾರ್ಲ್ ಲಾಂಗೆನ್‌ಬುಖ್. 1882ರ ಜುಲೈ 15ರಂದು ಅವರು ಮೊದಲ ಸಲ ಪಿತ್ತಕೋಶ ತೆಗೆದ್ರು. ಚೀಲ ಇಲ್ಲದೆ ಬದುಕಬಹುದು ಅನ್ನೋಕೆ ಅವರಿಗೆ ಪ್ರಾಣಿಗಳೂ ಸಾಕ್ಷಿ ಕೊಟ್ಟಿದ್ದವು. ಕುದುರೆಗೂ ಆನೆಗೂ ಪಿತ್ತಕೋಶವೇ ಇಲ್ಲ. ಅಮ್ಮನಿಗೆ ಇದನ್ನ ಹೇಳಿದಾಗ, “ಅಂಬಾರಿ ಹೊರೋ ಆನೆಗೂ ಇಲ್ವಾ?” ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಇಷ್ಟು ದಿನದಲ್ಲಿ ನಾವು ಕೊಟ್ಟ ವಿವರಣೆಯಲ್ಲಿ ಕೆಲಸ ಮಾಡಿದ್ದು ಇದೊಂದೇ.

ಕಲ್ಲು ಜಾರಿದ ದಿನ

ಆದರೆ ಆ ಆನೆಯ ಮಾತು ಆಡೋ ಹೊತ್ತಿಗೆ ತಡವಾಗಿತ್ತು. ಜನವರಿಯಲ್ಲಿ, ಎಕ್ಸಾಮಿನ ಮಧ್ಯದಲ್ಲಿ ಅಪ್ಪ ಫೋನ್ ಮಾಡಿದ್ರು. ಅಮ್ಮನಿಗೆ ಚಳಿಜ್ವರ, ಕಣ್ಣು ಹಳದಿ, ಮೂತ್ರ ಡಿಕಾಕ್ಷನ್ ಬಣ್ಣ. ಯಾರೋ ಕಾಮಾಲೆಗೆ ಹಳ್ಳಿಯಲ್ಲಿ ಸೊಪ್ಪಿನ ಔಷಧಿ ಕೊಡ್ತಾರೆ ಅಂದರಂತೆ. ಅಕ್ಕ ಫೋನಲ್ಲೇ ಗಲಾಟೆ ಮಾಡಿ, ಅವತ್ತೇ ಹಾಸನಕ್ಕೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಿಸಿದಳು.

ಆಗಿದ್ದಿಷ್ಟು. ಒಂದು ಸಣ್ಣ ಕಲ್ಲು ಚೀಲದಿಂದ ಜಾರಿ ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಟ್ಯಾಂಕಿನೊಳಗೆ ಕಸ ಇದ್ರೆ ಒಂದು ತೊಂದರೆ, ಮೇನ್ ಪೈಪಿನಲ್ಲಿ ಸಿಕ್ಕಿಕೊಂಡ್ರೆ ಇಡೀ ಮನೆಗೆ ತೊಂದರೆ. ಪಿತ್ತರಸ ಕರುಳಿಗೆ ಹೋಗದೆ ಹಿಂದಕ್ಕೆ ಒತ್ತಿ, ಅದರ ಹಳದಿ ಬಣ್ಣ ರಕ್ತಕ್ಕೆ ಸೇರಿ ಕಾಮಾಲೆ ಆಗುತ್ತೆ. ನಿಂತ ರಸದಲ್ಲಿ ಸೋಂಕು ಹುಟ್ಟಿದ್ರೆ ಚಳಿಜ್ವರ. ಆ ನಾಳದ ಬಾಯಲ್ಲೇ ಮೇದೋಜೀರಕ ಗ್ರಂಥಿಯ ಕೊಳವೆಯೂ ಸೇರೋದ್ರಿಂದ ಕೆಲವರಿಗೆ ಆ ಗ್ರಂಥಿಯೇ ಊದಿಕೊಳ್ಳುತ್ತೆ, ಅದು ಪ್ರಾಣಕ್ಕೆ ಅಪಾಯ. ಇಂಥ ಕಾಮಾಲೆಗೆ ಸೊಪ್ಪಿನ ರಸ ಕುಡಿಸ್ತಾ ಕೂತರೆ ಬ್ಲಾಕ್ ಆದ ಪೈಪಿಗೆ ಪೂಜೆ ಮಾಡಿದ ಹಾಗೆ.

ಅಮ್ಮನಿಗೆ ಮೊದಲು ಆಂಟಿಬಯಾಟಿಕ್ ಕೊಟ್ಟು, ಎಂ.ಆರ್.ಸಿ.ಪಿ. ಸ್ಕ್ಯಾನಿನಲ್ಲಿ ಕಲ್ಲು ಎಲ್ಲಿದೆ ಅಂತ ನೋಡಿದ್ರು. ನಾಳದ ಕಲ್ಲು ಅಲ್ಟ್ರಾಸೌಂಡಿನಲ್ಲಿ ಎಷ್ಟೋ ಸಲ ಕಣ್ಣು ತಪ್ಪಿಸುತ್ತೆ. ಆಮೇಲೆ ಇ.ಆರ್.ಸಿ.ಪಿ. ಅಂದ್ರೆ, ಬಾಯಿಯ ಮೂಲಕ ಕ್ಯಾಮೆರಾ ಇರೋ ಕೊಳವೆ ಇಳಿಸಿ, ಸಣ್ಣ ಕರುಳಿನಲ್ಲಿ ಪಿತ್ತನಾಳ ತೆರೆದುಕೊಳ್ಳೋ ಬಾಯನ್ನು ಸ್ವಲ್ಪ ಕೊಯ್ದು, ಬಲೂನಿನಿಂದ ಕಲ್ಲನ್ನು ಎಳೆದು ಬಿಡೋದು. ಹೊಟ್ಟೆ ಮೇಲೆ ಗಾಯವೇ ಇಲ್ಲ. ಆದರೆ ಇದರಿಂದಲೂ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಅದಕ್ಕೇ ಬೇಕಾದಾಗ ಮಾತ್ರ ಮಾಡೋದು. ಮೂರು ದಿನ ಬಿಟ್ಟು ಪಿತ್ತಕೋಶ ತೆಗೆಯೋ ಆಪರೇಷನ್. ಡಿಸೆಂಬರಿನಲ್ಲೇ ಮಾಡಿಸಿದ್ರೆ ಒಂದರಲ್ಲಿ ಮುಗಿಯುತ್ತಿದ್ದದ್ದು ಎರಡಾಯ್ತು, ಎರಡು ದಿನದ ಆಸ್ಪತ್ರೆ ಎಂಟು ದಿನ ಆಯ್ತು, ಖರ್ಚಿನ ಲೆಕ್ಕ ಅಪ್ಪನಿಗೇ ಗೊತ್ತು.

ನಾಲ್ಕು ತೂತಿನ ಆಪರೇಷನ್

ಲಾಂಗೆನ್‌ಬುಖ್ ಕಾಲದಿಂದ ನೂರು ವರ್ಷ ಹೊಟ್ಟೆ ಕೊಯ್ದೇ ಮಾಡ್ತಿದ್ರು. 1985ರಲ್ಲಿ ಎರಿಶ್ ಮ್ಯೂಹೆ ಅನ್ನೋ ಜರ್ಮನ್ ಸರ್ಜನ್ ಮೊದಲ ಸಲ ಲ್ಯಾಪ್ರೋಸ್ಕೋಪಿಯಿಂದ ಪಿತ್ತಕೋಶ ತೆಗೆದ್ರು. ಅಲ್ಲಿನ ಹಿರಿಯ ಸರ್ಜನ್‌ಗಳು ಶುರುವಿನಲ್ಲಿ ಅದನ್ನು ಒಪ್ಪಲೇ ಇಲ್ಲ. ನಮ್ಮ ದೇಶದಲ್ಲಿ ಇದನ್ನು ಶುರು ಮಾಡಿದವರು ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಈಗ ಜಿಲ್ಲಾ ಕೇಂದ್ರಗಳಲ್ಲೂ ಸಾಮಾನ್ಯ.

ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆ ಮೇಲೆ ಸಾಮಾನ್ಯವಾಗಿ ನಾಲ್ಕು ತೂತು ಮಾಡ್ತಾರೆ. ದೊಡ್ಡದು ಒಂದು ಸೆಂ.ಮೀ. ಆಸುಪಾಸು. ಒಳಗೆ ಕೈಚಳಕಕ್ಕೆ ಜಾಗ ಬೇಕಲ್ಲ, ಅದಕ್ಕೆ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸ್ತಾರೆ. ಗಾಳಿ ಯಾಕಲ್ಲ? ಒಳಗೆ ವಿದ್ಯುತ್ತಿನಿಂದ ಸುಟ್ಟು ಕತ್ತರಿಸೋ ಉಪಕರಣ ಇರುತ್ತೆ, ಈ ಅನಿಲ ಉರಿಯಲ್ಲ. ಜೊತೆಗೆ ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತೆ. ಚೀಲದ ಕೊಳವೆ, ರಕ್ತನಾಳ ಎರಡಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಯಕೃತ್ತಿನಿಂದ ಬಿಡಿಸಿ ಒಂದು ತೂತಿನಿಂದ ಹೊರತೆಗೀತಾರೆ. ಸುಮಾರು ಒಂದು ಗಂಟೆ ಕೆಲಸ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳಲ್ಲ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗೋದು ಅಪರೂಪ, ಸಾವಿರಕ್ಕೆ 3ರಿಂದ 5 ಅಂತಾರೆ. ಆದ್ರೆ ಅದು ಗಂಭೀರ. ಒಳಗೆ ಊತ ಜಾಸ್ತಿಯಾಗಿ ಏನೂ ಸ್ಪಷ್ಟವಾಗಿ ಕಾಣದಿದ್ರೆ ಸರ್ಜನ್ ಹೊಟ್ಟೆ ಕೊಯ್ದು ಮಾಡೋಕೆ ನಿರ್ಧರಿಸಬಹುದು. ಅದು ಸೋಲಲ್ಲ, ಎಚ್ಚರಿಕೆ.

ಟ್ಯಾಂಕ್ ಇಲ್ಲದ ಮನೆ

ಆಪರೇಷನ್ನಿನ ಮಾರನೇ ದಿನ ಅಮ್ಮ ಹೇಳಿದ ಮೊದಲ ದೂರು ಹೊಟ್ಟೆಯದ್ದಲ್ಲ, “ಬಲಗಡೆ ಹೆಗಲು ನೋವು.” ನಾವು ಗಾಬರಿಯಾದ್ವಿ. ನರ್ಸ್ ನಕ್ಕರು. ಉಳಿದ ಅನಿಲ ವಪೆಯನ್ನು ಕೆಣಕುತ್ತೆ, ವಪೆಯ ನರ ಕುತ್ತಿಗೆಯಿಂದ ಬರೋದ್ರಿಂದ ನೋವು ಹೆಗಲಲ್ಲಿ ಕಾಣುತ್ತೆ. ಓಡಾಡಿದ ಹಾಗೆ ಎರಡು ಮೂರು ದಿನದಲ್ಲಿ ಹೋಯ್ತು.

ಈಗ ಮೊದಲಿನ ಮಾತಿಗೆ ಬನ್ನಿ. ತೆಗೆದಿದ್ದು ಟ್ಯಾಂಕು, ಬೋರ್‌ವೆಲ್ ಹಾಗೇ ಇದೆ. ರಸ ಕೂಡಿಟ್ಟು ಒಮ್ಮೆಲೇ ಸುರಿಯೋ ಬದಲು ದಿನವಿಡೀ ತೊಟ್ಟು ತೊಟ್ಟಾಗಿ ನೇರ ಕರುಳಿಗೆ ಇಳಿಯುತ್ತೆ. ಅದಕ್ಕೇ ಶುರುವಿನಲ್ಲಿ ಒಂದೇ ಸಲಕ್ಕೆ ಜಿಡ್ಡು ತಿಂದ್ರೆ ಕರುಳಿಗೆ ಕಷ್ಟ. ಮೊದಲ ವಾರ ಅಮ್ಮ ತಿಂದಿದ್ದು ಇಡ್ಲಿ, ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ. ಮೂರು ಹೊತ್ತಿನ ಊಟವನ್ನು ಐದು ಸಣ್ಣ ಊಟ ಮಾಡಿದ್ವಿ. ಎರಡನೇ ವಾರದಿಂದ ಪಲ್ಯ, ಮುದ್ದೆ. ಸುಮಾರು ಮೂರು ವಾರ ಬೆಳಗ್ಗೆ ಕಾಫಿ ಕುಡಿದ ಕೂಡಲೇ ಬಾತ್‌ರೂಮಿಗೆ ಓಡ್ತಿದ್ದಳು. ಹೀಗೆ ಭೇದಿ ಕೆಲವರಿಗೆ ಆಗುತ್ತೆ, ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಹೋಗದಿದ್ರೆ ಡಾಕ್ಟರಿಗೆ ಹೇಳಿ, ಕರುಳಿನಲ್ಲಿ ಪಿತ್ತವನ್ನು ಹಿಡಿದಿಡೋ ಔಷಧಿ ಇದೆ. ಜೀವನಪೂರ್ತಿ ಮಾತ್ರೆ ನುಂಗೋ ಅವಶ್ಯಕತೆ ಇಲ್ಲ. ಮನೆಗೆಲಸಕ್ಕೆ ಒಂದೆರಡು ವಾರದಲ್ಲಿ ವಾಪಸ್, ಆದರೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತೋದು ಕೆಲವು ವಾರ ಬೇಡ.

ಒಂದು ಎಚ್ಚರ. ಚೀಲ ಹೋದ ಮೇಲೂ ಪಿತ್ತನಾಳದಲ್ಲಿ ಕಲ್ಲು ಉಳಿದಿರಬಹುದು, ಹೊಸದಾಗಿಯೂ ಆಗಬಹುದು. ಹಳೇ ಥರದ ನೋವು, ಚಳಿಜ್ವರ, ಹಳದಿ ಕಣ್ಣು, ಗಾಢ ಬಣ್ಣದ ಮೂತ್ರ, ಬಿಳಿಚಿದ ಮಲ, ನಿಲ್ಲದ ವಾಂತಿ, ಇದರಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗದವರಿಗೂ ಇದೇ ಮಾತು. ನೋವು ಆರು ಗಂಟೆ ದಾಟಿದ್ರೆ ಕಾಯಬೇಡಿ.

ಈಗ ಐದು ತಿಂಗಳಾಯ್ತು. ಯುಗಾದಿಗೆ ಅಮ್ಮ ಒಬ್ಬಟ್ಟು ಮಾಡಿದಳು. ಮೂರು ತಿನ್ನೋಳು ಒಂದು ತಿಂದಳು, ತುಪ್ಪ ಒಂದೇ ಚಮಚ. ರಾತ್ರಿ ಹನ್ನೊಂದಕ್ಕೆ ನಾವಿಬ್ಬರೂ ಎದ್ದೇ ಕೂತಿದ್ವಿ. ಅಮ್ಮ ಆರಾಮಾಗಿ ನಿದ್ದೆ ಮಾಡ್ತಿದ್ದಳು.

ಹಾಸ್ಟೆಲಲ್ಲಿರೋ ಗೆಳೆಯರೇ, ಇವತ್ತು ಮನೆಗೆ ಫೋನ್ ಮಾಡಿದಾಗ ಅಮ್ಮ “ಗ್ಯಾಸ್ಟ್ರಿಕ್ ಅಷ್ಟೇ” ಅಂದ್ರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಊಟ ಆದ ಮೇಲೆ ಬರುತ್ತಾ? ಎಷ್ಟು ಹೊತ್ತು ಇರುತ್ತೆ? ಬೆನ್ನಿಗೆ ಹೋಗುತ್ತಾ? ಎಷ್ಟನೇ ಸಲ? ಆಮೇಲೆ ಅವರು “ನಿನ್ನ ಎಕ್ಸಾಮ್ ಮುಗೀಲಿ” ಅಂದ್ರೆ, ನಾವು ಹೇಳಿದ ಹಾಗೆ “ಸರಿ” ಅನ್ನಬೇಡಿ.